ಬಣ್ಣದ ಕೆಳಗೆ ಉಳಿದದ್ದು



ನಗರ್ತಪೇಟೆಯ ಓಣಿಗಳನ್ನು ಬಲ್ಲವರಿಗೆ, ಅಲ್ಲಿ ಒಂದು ವಾಹನವನ್ನು ನಿಲ್ಲಿಸಲು ಜಾಗ ಹುಡುಕುವುದು ಎಂಥ ಕಷ್ಟದ ಕೆಲಸವೆಂದು ವಿವರಿಸಬೇಕಾಗಿಲ್ಲ. ನಗರ್ತ ವರ್ತಕರ ಹೆಸರನ್ನು ಹೊತ್ತಿರುವ ಆ ಬೀದಿಗಳು ಎತ್ತಿನ ಗಾಡಿಗಳಿಗೂ ತಲೆಹೊರೆಯವರಿಗೂ ಸಾಕಾಗುವಷ್ಟು ಅಗಲವಾಗಿ ಹುಟ್ಟಿದವು. ಇಂದಿಗೂ ಅಷ್ಟೇ ಅಗಲವಾಗಿವೆ. ಅಂಥ ಒಂದು ಓಣಿಯಲ್ಲಿರುವ ನಮ್ಮ ಹಳೆಯ ಮನೆಯ ಮುಂಭಾಗ ಒಂದು ಕಾಲದಲ್ಲಿ ಜವಳಿಯ ಗೋದಾಮಾಗಿತ್ತು. ಆ ಗೋದಾಮಿನಲ್ಲಿ, ಟಾರ್ಪಾಲಿನ ಕೆಳಗೆ, ನಮ್ಮ ತಂದೆಯವರ ಪಿಕ್‌ಅಪ್ ಗಾಡಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಲಗಿತ್ತು. ಅದನ್ನು ಎಬ್ಬಿಸಲು ಹೊರಟಾಗ ನಮ್ಮೆದುರಿಗೆ ಬಂದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂಬುದು ಈ ಬರಹದ ಉದ್ದೇಶ. ಪ್ರಶ್ನೆ ಇಷ್ಟೇ: ಹಾಳಾದದ್ದನ್ನು ಮುಚ್ಚುವುದು ಯಾವಾಗ ಮರ್ಯಾದೆ, ಯಾವಾಗ ಮೋಸ?

ಗಾಡಿ 1956ರ ಫಾರ್ಗೊ. ಬೊಂಬಾಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಂಪನಿಯವರು ಅಮೆರಿಕದ ಕ್ರೈಸ್ಲರ್ ಸಂಸ್ಥೆಯೊಂದಿಗೆ ಮಾಡಿಕೊಂಡಿದ್ದ ಒಪ್ಪಂದದಂತೆ ಡಾಡ್ಜ್, ಫಾರ್ಗೊ ಹೆಸರಿನ ವಾಹನಗಳನ್ನು ಜೋಡಿಸುತ್ತಿದ್ದ ಕಾಲವದು. ಮುಂದಿನ ಕ್ಯಾಬಿನ್ ಕಾರ್ಖಾನೆಯ ತಗಡಿನದು. ಹಿಂಬದಿಯ ತೊಟ್ಟಿ ಮಾತ್ರ ಇಲ್ಲಿಯ ಬಡಗಿಗಳು ಮರದ ಹಲಗೆಯಿಂದ ಕಟ್ಟಿದ್ದು. ತಂದೆಯವರು 1962ರಲ್ಲಿ ಅದನ್ನು ಹಳೆಯ ಗಾಡಿಯಾಗಿಯೇ ಕೊಂಡು, ರೈಲಿನ ಗೂಡ್ಸ್ ಷೆಡ್ಡಿನಿಂದ ಪೇಟೆಯ ಅಂಗಡಿಗಳಿಗೆ ಮೂಟೆ ಸಾಗಿಸುತ್ತಿದ್ದರು. ನಾವು ಮೂವರು ಮಕ್ಕಳು ಓದಿದ್ದು, ಉಂಡದ್ದು ಆ ಗಾಡಿಯ ಬಾಡಿಗೆಯಿಂದ. ತಂದೆಯವರು 1999ರಲ್ಲಿ ತೀರಿಕೊಂಡರು. 2022ರಲ್ಲಿ, ಹಳೆಯ ವಾಹನಗಳನ್ನು ಸಂಗ್ರಹಿಸುವ ಒಬ್ಬ ಮಹನೀಯರು ಗಾಡಿಯ ಸುದ್ದಿ ತಿಳಿದು, "ಸರಿಮಾಡಿಸಿ ಕೊಡುವುದಾದರೆ ಒಳ್ಳೆಯ ಬೆಲೆ ಕೊಡುತ್ತೇನೆ" ಎಂದು ಹೇಳಿಕಳುಹಿಸಿದಾಗ, ನಾನೂ ಅಣ್ಣನೂ ಟಾರ್ಪಾಲನ್ನು ತೆಗೆದೆವು.

ಎಂಜಿನ್ನಿನ ಕಥೆಯನ್ನು ಇಲ್ಲಿ ಹೇಳುವುದಿಲ್ಲ. ಅದು ಹೇಗೋ ಸರಿಹೋಯಿತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೂ ಶಿವಾಜಿನಗರದ ಗುಜರಿಯಲ್ಲೂ ತಾಳ್ಮೆಯಿಂದ ಹುಡುಕುವವರಿಗೆ ಏನಾದರೊಂದು ಸಿಗುತ್ತದೆ. ನಮ್ಮನ್ನು ಕಾಡಿದ್ದು ಮೈಯ ತಗಡು. ಕೆಲಸ ನೋಡಲು ಬಂದ ವಯಸ್ಸಾದ ಟಿಂಕರಿಂಗ್ ಮೇಸ್ತ್ರಿಯವರು ಚಿಕ್ಕ ಸುತ್ತಿಗೆಯೊಂದನ್ನು ಹಿಡಿದು ಗಾಡಿಯ ಸುತ್ತ ನಡೆದರು. ಬಾನೆಟ್ಟಿನ ಮೇಲೆ ತಟ್ಟಿದಾಗ 'ಟಣ್' ಎಂದಿತು. ಮಡ್‌ಗಾರ್ಡಿನ ಮೇಲೂ ಹಾಗೆಯೇ. ಬಲಗಡೆಯ ಬಾಗಿಲಿನ ಕೆಳಗೆ, ಕ್ಯಾಬಿನ್ನಿನ ಮೂಲೆಯಲ್ಲಿ ತಟ್ಟಿದಾಗ ಸದ್ದು 'ದಬ್' ಎಂದು ಸತ್ತುಹೋಯಿತು. ಜೇಬಿನಿಂದ ಅಯಸ್ಕಾಂತದ ಚೂರೊಂದನ್ನು ತೆಗೆದು ಅಲ್ಲಿಟ್ಟರು. ಅದು ಅಂಟಿಕೊಳ್ಳದೆ ಕೆಳಗೆ ಬಿದ್ದಿತು. "ಇಲ್ಲಿ ತಗಡು ಇಲ್ಲ ಸಾರ್, ಬರೀ ಪುಟ್ಟಿ" ಎಂದರು.

ಉಳಿಯಿಂದ ಕೆರೆದಾಗ ಹೆಬ್ಬೆರಳಿನಷ್ಟು ದಪ್ಪದ ಪುಟ್ಟಿ ಹೊಪ್ಪಳೆಯಾಗಿ ಎದ್ದು ಬಂತು. ಅದರ ಹಿಂದೆ ಟಾರಿನಲ್ಲಿ ಅದ್ದಿ ತುರುಕಿದ ಗೋಣಿಯ ಚೂರುಗಳು. ಅವುಗಳ ಹಿಂದೆ ಅಂಗೈ ಅಗಲದ ತೂತು. ಚಾಲಕನ ಕಾಲಡಿಯ ತಗಡೂ ಜರಡಿಯಂತಾಗಿತ್ತು. ಬಹಳ ಜಾಣತನದಿಂದ ಮಾಡಿದ ಕೆಲಸ. ಹೊರಗಿನ ಬಣ್ಣ ನೋಡಿದವರಿಗೆ ಎಳ್ಳಷ್ಟೂ ಸಂಶಯ ಬರುವಂತಿರಲಿಲ್ಲ. 'ಮೇಲೆ ಥಳಕು, ಒಳಗೆ ಹುಳುಕು' ಎಂಬ ಗಾದೆಯನ್ನು ನೆನೆದು ನಾನು ನಕ್ಕೆ. ಗಾಡಿಯನ್ನು ತಂದೆಯವರಿಗೆ ಮಾರಿದವರು ಯಾರೋ ಅವರನ್ನು ಮೋಸಗೊಳಿಸಿದ್ದರೆಂದೇ ನನ್ನ ನಂಬಿಕೆ. ಒಳಗಿನಿಂದ ಬಂದ ತಾಯಿಯವರು ನೆಲದ ಮೇಲಿದ್ದ ಪುಟ್ಟಿಯ ಚೂರುಗಳನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದನ್ನು ಮೆತ್ತಿದ್ದು ನಿಮ್ಮಪ್ಪನೇ ಕಣೋ. ನಿಮ್ಮಕ್ಕನ ಮದುವೆಯ ವರ್ಷ. ಗಾಡಿ ಮಾರಬೇಕು ಅಂತ ರಾತ್ರಿಯೆಲ್ಲ ಕೂತು ಮಾಡಿದರು" ಎಂದರು.

ಅಕ್ಕನ ಮದುವೆ ಆದದ್ದು 1984ರಲ್ಲಿ. ಆದರೆ ಗಾಡಿ ಮಾರಾಟವಾಗಲಿಲ್ಲ. ಯಾಕೆ ಎಂದು ಕೇಳಿದೆ. "ಕೊಳ್ಳುವವರು ಬಂದಿದ್ದರು. ಬಂದು ಹೋದರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಾಲ ಮಾಡಿ ಮದುವೆ ಮಾಡಿದೆವು" ಎಂದಷ್ಟೇ ಉತ್ತರ. ಬಂದವರು ತಾವಾಗಿಯೇ ತೂತನ್ನು ಕಂಡುಹಿಡಿದರೋ, ತಂದೆಯವರ ಬಾಯಿಂದ ಕೊನೆಯ ಗಳಿಗೆಯಲ್ಲಿ ನಿಜ ಹೊರಬಿತ್ತೋ, ಬೆಲೆ ಕುದುರಲಿಲ್ಲವೋ, ಈಗ ತಿಳಿಯುವ ದಾರಿಯಿಲ್ಲ. ಎಣಿಸಿದ ಮೂಟೆಯಲ್ಲಿ ಒಂದು ಕಡಮೆಯಾದರೂ ತಾವೇ ಹೋಗಿ ಅಂಗಡಿಯವರಿಗೆ ತಿಳಿಸುತ್ತಿದ್ದವರು ಅವರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಗಾದ ಮೇಲೆ ಅದೇ ಪ್ರಶ್ನೆ ನಮ್ಮ ಎದುರಿಗೂ ನಿಂತಿತ್ತು. ಮೇಸ್ತ್ರಿಯವರು ಎರಡು ದಾರಿಗಳನ್ನು ಹೇಳಿದ್ದರು. ಒಂದು: ಸಡಿಲವಾದದ್ದನ್ನು ಕೆರೆದು, ಮೇಲೊಂದು ತೆಳು ತಗಡನ್ನು ಹೊದಿಸಿ, ಮತ್ತೆ ಪುಟ್ಟಿ ಹಚ್ಚಿ, ವಾಟರ್ ಪೇಪರಿನಿಂದ ಉಜ್ಜಿ ಬಣ್ಣ ಹೊಡೆಯುವುದು. ಎರಡು: ತುಕ್ಕು ಹಿಡಿದ ಭಾಗವನ್ನು ಒಳ್ಳೆಯ ಲೋಹ ಹೊಳೆಯುವವರೆಗೂ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಹೊಸ ತಗಡನ್ನು ಅದೇ ಬಾಗಿಗೆ ತಟ್ಟಿ, ಅಂಚಿಗೆ ಅಂಚು ಕೂಡಿಸಿ ಬೆಸುಗೆ ಹಾಕುವುದು. ಎರಡನೆಯದಕ್ಕೆ ಮೂರು ಪಟ್ಟು ಖರ್ಚು, ಐದು ಪಟ್ಟು ಸಮಯ. ಅಣ್ಣ ವ್ಯವಹಾರಸ್ಥ. "ಅವರೇನು ಇದರಲ್ಲಿ ಮೂಟೆ ಹೊರುತ್ತಾರೆಯೇ? ಶೋಕಿಗೆ ಇಟ್ಟುಕೊಳ್ಳುತ್ತಾರೆ. ಕಾಣದ ಜಾಗಕ್ಕೆ ಯಾಕೆ ದುಡ್ಡು ಸುರಿಯಬೇಕು?" ಎಂದ. ಈ ಮಾತನ್ನು ಸುಲಭವಾಗಿ ತಳ್ಳಿಹಾಕಬೇಡಿ. ನಮ್ಮ ಬಾಳಿನ ಎಷ್ಟೋ ತೀರ್ಮಾನಗಳು ಇದೇ ಮಾತಿನ ಮೇಲೆ ನಿಂತಿವೆ.

ಇಲ್ಲಿ ತುಕ್ಕಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಕಬ್ಬಿಣವು ನೀರು ಮತ್ತು ಆಮ್ಲಜನಕದೊಡನೆ ಕೂಡಿದಾಗ ತುಕ್ಕು ಹುಟ್ಟುತ್ತದೆ. ಅಲ್ಯೂಮಿನಿಯಮ್ಮಿನ ಮೇಲೆ ಮೂಡುವ ಪೊರೆ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ತುಕ್ಕಾದರೋ ಸಡಿಲವಾಗಿ ಉಬ್ಬಿ, ತಾನೇ ಉದುರಿ, ಹೊಸ ಲೋಹವನ್ನು ಮತ್ತೆ ಗಾಳಿ ನೀರಿಗೆ ತೆರೆದಿಡುತ್ತದೆ. ಹಾಗಾಗಿ ಅದು ತಾನಾಗಿಯೇ ನಿಲ್ಲುವುದಿಲ್ಲ. ವಾಹನಗಳಲ್ಲಿ ಅದು ಹೆಚ್ಚಾಗಿ ಒಳಗಿನಿಂದ ಹೊರಕ್ಕೆ ಬರುತ್ತದೆ. ಬಾಗಿಲಿನ ತಳದಲ್ಲಿ ನೀರು ಇಳಿದುಹೋಗಲು ಬಿಟ್ಟ ಸಣ್ಣ ಕಂಡಿಗಳು ಮಣ್ಣಿನಿಂದ ಮುಚ್ಚಿಹೋದರೆ ಮಳೆಯ ನೀರು ಒಳಗೇ ನಿಲ್ಲುತ್ತದೆ. ಹೊರಗಿನ ಬಣ್ಣದಲ್ಲಿ ಒಂದು ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗೆ ಬಹುಪಾಲು ಮುಗಿದಿರುತ್ತದೆ. ಅದರ ಮೇಲೆ ಹಚ್ಚಿದ ಪುಟ್ಟಿ ಹಿಂಬದಿಯಿಂದ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಮುಚ್ಚಿಟ್ಟ ಕೆಡುಕು ಇದ್ದಷ್ಟೇ ಇರುವುದಿಲ್ಲ. ಮುಚ್ಚಿಗೆಯೇ ಅದನ್ನು ಬೆಳೆಸುತ್ತದೆ.

ಹಾಗಾದರೆ ಪುಟ್ಟಿಯೇ ಪಾಪವೇ? ಮೇಸ್ತ್ರಿಯವರನ್ನು ಕೇಳಿದೆ. ಅವರು ನಕ್ಕು, ಪುಟ್ಟಿ ಇಲ್ಲದೆ ಯಾವ ಗಾಡಿಯೂ ನುಣುಪಾಗುವುದಿಲ್ಲ ಎಂದರು. ಗಟ್ಟಿ ತಗಡಿನ ಮೇಲೆ, ಬೆಸುಗೆಯ ಏರುತಗ್ಗುಗಳನ್ನು ಸಮಮಾಡಲು ಎರಡು ಮೂರು ಮಿಲಿಮೀಟರಿನಷ್ಟು ತೆಳ್ಳಗೆ ಎಳೆದ ಪುಟ್ಟಿ ಕಸುಬಿನ ಭಾಗವೇ. ತಗಡು ಇರಬೇಕಾದ ಜಾಗದಲ್ಲಿ ತಗಡಿನ ವೇಷ ಹಾಕಿ ಕುಳಿತ ಪುಟ್ಟಿ ಮಾತ್ರ ಬೇರೆ. ನನಗೆ ಬೇಕಾಗಿದ್ದ ಉತ್ತರದ ಅರ್ಧ ಭಾಗ ಇಲ್ಲಿತ್ತು. ವಾಸಿಯಾದ ಗಾಯದ ಕಲೆಯನ್ನು ಬಟ್ಟೆಯಿಂದ ಮರೆಮಾಡುವುದು ಸುಳ್ಳಲ್ಲ. ಕೊಳೆಯುತ್ತಿರುವ ಗಾಯಕ್ಕೆ ಬಟ್ಟೆ ಸುತ್ತಿ ಎಲ್ಲವೂ ಸರಿಯಿದೆ ಎನ್ನುವುದು ಸುಳ್ಳು.

ಇದನ್ನೇ ಮನೆಯ ಬಾಳಿಗೆ ಅನ್ವಯಿಸಿ ನೋಡಿ. ಹಿರಿಯರೊಬ್ಬರು ಎಂದೋ ಮಾಡಿ, ಪಶ್ಚಾತ್ತಾಪಪಟ್ಟು, ತಿದ್ದಿಕೊಂಡ ತಪ್ಪನ್ನು ಮಕ್ಕಳ ಮುಂದೆ, ನೆಂಟರ ಮುಂದೆ ಎತ್ತಿ ಆಡದೆ ಇರುವುದು ಸೌಜನ್ಯ. ಆದರೆ ಕುಡಿತದ ಚಟವಿರುವ ಹುಡುಗನ ಮನೆಯವರು ಹೆಣ್ಣಿನ ಕಡೆಯವರಿಗೆ ಅದನ್ನು ತಿಳಿಸದೆ ಮದುವೆ ಮಾಡಿದರೆ? ಆಸ್ತಿಯ ಮೇಲಿನ ಸಾಲವನ್ನು ಮುಚ್ಚಿಟ್ಟು ತಮ್ಮನಿಗೆ ಪಾಲು ಬರೆದುಕೊಟ್ಟರೆ? ಎರಡು ಕಡೆಯೂ ನಡೆದದ್ದು ಮುಚ್ಚುವ ಕೆಲಸವೇ. ಭೇದ ತಿಳಿಯಲು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದರ ಮೇಲೆ ಕಾಲಿಡುವವರು ಯಾರು? ಚಾಲಕನ ಕಾಲಡಿಯ ತಗಡು ಹೊರಗಿನವರಿಗೆ ಕಾಣದ ಜಾಗವೇನೋ ಹೌದು. ಆದರೆ ಕುಳಿತವನ ಕಾಲು ಇರುವುದು ಅಲ್ಲಿಯೇ. ನಂಬಿ ಕಾಲಿಡುವವನಿಗೆ ತಿಳಿಯುವ ಹಕ್ಕಿದೆ. ಬೀದಿಯಲ್ಲಿ ನಿಂತು ನೋಡುವವನಿಗೆ ಆ ಹಕ್ಕಿಲ್ಲ.

ಇನ್ನೊಂದು ತೊಡಕೂ ಬಂತು. ಹೀಗೆ ಕತ್ತರಿಸುತ್ತಾ ಹೋದರೆ ತಂದೆಯವರ ಗಾಡಿಯಲ್ಲಿ ಉಳಿಯುವುದೇನು? ಇದು ಹಳೆಯ ಪ್ರಶ್ನೆ. ಅಥೆನ್ಸಿನ ಜನ ವೀರ ಥೀಸಿಯಸ್ಸನ ಹಡಗನ್ನು, ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತಾ ಕಾಪಾಡಿಕೊಂಡು ಬಂದರೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಅದು ಅದೇ ಹಡಗೇ ಎಂದು ತತ್ತ್ವಜ್ಞಾನಿಗಳು ವಾದಿಸಿದರು. 17ನೆಯ ಶತಮಾನದ ಇಂಗ್ಲಿಷ್ ಚಿಂತಕ ಥಾಮಸ್ ಹಾಬ್ಸ್, ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ಯಾವುದು ನಿಜವಾದದ್ದು ಎಂದು ಕೇಳಿ ತೊಡಕನ್ನು ಇನ್ನಷ್ಟು ಬಿಗಿಗೊಳಿಸಿದ. ಜಾನ್ ರಸ್ಕಿನ್ ಎಂಬ ವಿಮರ್ಶಕನಂತೂ 1849ರಲ್ಲಿ, ಹಳೆಯ ಕಟ್ಟಡಗಳನ್ನು ಮೊದಲಿನಂತೆ ಮಾಡುತ್ತೇವೆಂಬುದೇ ಸುಳ್ಳೆಂದು ವಾದಿಸಿದ್ದ. ನಮ್ಮ ದೇಶದ ಕಾನೂನಿಗೂ ಈ ಚಿಂತೆ ತಟ್ಟಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವೈಯಕ್ತಿಕ ಬಳಕೆಯ ವಾಹನಗಳನ್ನು 'ವಿಂಟೇಜ್' ಎಂದು ಕರೆಯಿತು. ಚಾಸಿಸ್, ಮೈಕಟ್ಟು, ಎಂಜಿನ್ನುಗಳನ್ನು ಮಾರ್ಪಡಿಸದೆ ಮೂಲ ರೂಪದಲ್ಲಿ ಉಳಿಸಿಕೊಂಡಿರಬೇಕೆಂಬ ಷರತ್ತನ್ನೂ ಹಾಕಿತು. ಬಾಡಿಗೆಗೆ ದುಡಿದ ನಮ್ಮ ಗಾಡಿಯ ಮಾತು ಬೇರೆ. ಕಾನೂನು ಎಲ್ಲಿ ಗೆರೆ ಎಳೆದರೂ ಮನಸ್ಸಾಕ್ಷಿ ತನ್ನ ಗೆರೆಯನ್ನು ತಾನೇ ಎಳೆದುಕೊಳ್ಳಬೇಕು.

ನಾವು ಎಳೆದುಕೊಂಡ ಗೆರೆ ಹೀಗಿತ್ತು: ತುಕ್ಕು ರೋಗ, ಅದನ್ನು ಉಳಿಸಬೇಕಾಗಿಲ್ಲ. ಸವೆತ, ತಗ್ಗು, ಗೀರು ಇವು ನೆನಪು, ಅವನ್ನು ಅಳಿಸಬೇಕಾಗಿಲ್ಲ. ಎಡಗಡೆಯ ಮಡ್‌ಗಾರ್ಡಿನಲ್ಲಿ ಒಂದು ತಗ್ಗಿದೆ. ಕರಗದ ರಾತ್ರಿ ಮೆರವಣಿಗೆಗೆ ದಾರಿ ಬಿಡಲು ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ನಮ್ಮದೇ ಗೋಡೆಗೆ ತಾಗಿದ್ದು. ಅದನ್ನು ಹಾಗೆಯೇ ಬಿಟ್ಟೆವು. ತೊಟ್ಟಿಯ ಹಲಗೆಗಳ ಮೇಲೆ ಹಗ್ಗ ಉಜ್ಜಿ ಬಿದ್ದ ಗುರುತುಗಳನ್ನೂ ಬಿಟ್ಟೆವು.

ಕೊನೆಗೆ ಅಣ್ಣ ಒಪ್ಪಿದ. ನನ್ನ ವಾದಕ್ಕೆ ಸೋತು ಒಪ್ಪಿದನೆಂದು ನಾನು ಹೇಳಲಾರೆ. ಮೇಸ್ತ್ರಿಯವರು ಕಾಲಡಿಯ ತಗಡನ್ನು ಒತ್ತಿ ತೋರಿಸಿದಾಗ ಅದು ಮುರಿದು ಕೆಳಗಿನ ನೆಲ ಕಂಡಿತು. ಅಣ್ಣ ಬಹಳ ಹೊತ್ತು ಅದನ್ನೇ ನೋಡಿ, "ಅಪ್ಪ ಇದರ ಮೇಲೆ ಕಾಲಿಟ್ಟುಕೊಂಡೇ ಎಷ್ಟು ವರ್ಷ ಓಡಿಸಿದರು" ಎಂದ. ಮಾರಾಟವಾಗದ ಗಾಡಿಯನ್ನು ತಂದೆಯವರು 1990ರವರೆಗೆ ಓಡಿಸಿದ್ದರು. ತಾವು ಮುಚ್ಚಿದ ತೂತಿನ ಮೇಲೆ ತಾವೇ ಕುಳಿತಿದ್ದರು. ಅವರ ಮೇಲಿನ ನನ್ನ ಸಿಟ್ಟು ಇಳಿದದ್ದು ಆ ಕ್ಷಣದಲ್ಲಿ. ಹೆಣ್ಣುಮಗಳ ಮದುವೆಯನ್ನು ಮುಂದಿಟ್ಟುಕೊಂಡು ನಡುರಾತ್ರಿಯಲ್ಲಿ ಪುಟ್ಟಿ ಮೆತ್ತಿದ ಮನುಷ್ಯನ ತಪ್ಪು ತಪ್ಪೇ. ಆದರೆ ಅದೇ ರಾತ್ರಿಯನ್ನು ನಾನು ಹೇಗೆ ಕಳೆಯುತ್ತಿದ್ದೆ ಎಂದು ಕೇಳಿಕೊಂಡರೆ ನನ್ನಲ್ಲಿ ಉತ್ತರವಿಲ್ಲ.

ಕೆಲಸ ಏಳು ತಿಂಗಳು ಹಿಡಿಯಿತು. ಒಂದೇ ಸಮನೆ ಬೆಸೆದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ; ಆದ್ದರಿಂದ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಆರಲು ಬಿಡುವು. ಬೆಸುಗೆಗೆ ಮೊದಲು ಪೆಟ್ರೋಲಿನ ಟ್ಯಾಂಕನ್ನು ಬಿಚ್ಚಿ ದೂರ ಇಟ್ಟಿದ್ದೆವು. ಹೊಸ ತಗಡಿನ ಎರಡು ಮಗ್ಗುಲಿಗೂ ಪ್ರೈಮರ್ ಬಳಿದೆವು. ನೀರಿನ ಕಂಡಿಗಳನ್ನೆಲ್ಲ ತೆರೆದೆವು. ಕೈಯಲ್ಲಿದ್ದ ಹಣ ಎಡ ಬಾಗಿಲಿನ ತಳದವರೆಗೆ ಬರುವಷ್ಟರಲ್ಲಿ ಮುಗಿಯಿತು. ಅಲ್ಲಿ ತಂದೆಯವರ ಪುಟ್ಟಿ ಇನ್ನೂ ಇದೆ.

ಏನೇನು ಬದಲಿಸಿದೆವು, ಏನನ್ನು ಬಿಟ್ಟೆವು, ಎಲ್ಲಿ ಪುಟ್ಟಿ ಉಳಿದಿದೆ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಫೋಟೋಗಳನ್ನು ಅಂಟಿಸಿ, ಕೊಳ್ಳಲು ಬಂದ ಮಹನೀಯರ ಕೈಗೆ ಕೊಟ್ಟೆವು. ಅವರು ಪುಟ ತಿರುಗಿಸಿ ಓದಿದರು. ಮೊದಲು ಹೇಳಿದ ಬೆಲೆಯಲ್ಲಿ ಸ್ವಲ್ಪ ಇಳಿಸಿದರು. ಅಣ್ಣ ನನ್ನ ಮುಖ ನೋಡಿದ. ನಾನು ತಾಯಿಯವರ ಮುಖ ನೋಡಿದೆ. ಅವರು, "ಬರೆದದ್ದನ್ನು ಓದಿದ ಮೇಲೂ ಬೇಕು ಅಂದರಲ್ಲ, ಕೊಡಿ" ಎಂದರು.

ಓದುಗ ಮಿತ್ರರೇ, ನಿಮ್ಮ ಮನೆಯಲ್ಲಿ ಫಾರ್ಗೊ ಗಾಡಿ ಇರಲಾರದು. ಆದರೆ ಚೆನ್ನಾಗಿ ಬಣ್ಣ ಹೊಡೆದ ಯಾವುದಾದರೊಂದು ಮೂಲೆ ಇದ್ದೀತು. ತಟ್ಟಿದರೆ ಸದ್ದು ಸತ್ತುಹೋಗುವ ಜಾಗ. ಎಲ್ಲವನ್ನೂ ಒಂದೇ ಸಲ ಕತ್ತರಿಸಿ ಸರಿಮಾಡಲು ಶಕ್ತಿ ಇಲ್ಲದಿರಬಹುದು, ನಮಗೂ ಇರಲಿಲ್ಲ. ಆಗ ಕಡೆಯ ಪಕ್ಷ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅದರ ಮೇಲೆ ಕಾಲಿಡುವವರ ಕೈಗೆ ಕೊಡಿ. ಉಳಿದ ಕೆಲಸವನ್ನು ಮುಂದುವರಿಸಲು ಅವರಿಗೆ ಎಲ್ಲಿಂದ ಪ್ರಾರಂಭಿಸಬೇಕೆಂಬುದಾದರೂ ತಿಳಿದಿರುತ್ತದೆ.