ಎಡವಿಸಲ್ಪಟ್ಟವನು ದೂರು ಹೇಳಬಹುದೋ?

ಗೊರವನಹಳ್ಳಿಯ ಸುತ್ತಣ ಹೊಲಗಳಲ್ಲಿ ನೆರೆಯವನ ದನವು ಬೇಲಿ ದಾಟಿ ರಾಗಿಯ ಪೈರನ್ನು ಮೇಯ್ದುಬಿಟ್ಟರೆ, ಪೈರಿನ ಯಜಮಾನನಿಗೆ ಎರಡು ವಿಧವಾದ ಬುದ್ಧಿ ಹೇಳುವವರು ಕೂಡಲೇ ದೊರೆಯುತ್ತಾರೆ. ಸಹಿಸಿಕೊಂಡು ಸುಮ್ಮನಿರು ಎಂಬವರು ಕೆಲವರು. ಉಳುಮೆಯನ್ನು ಬಿಟ್ಟಾದರೂ ನ್ಯಾಯಸ್ಥಾನಕ್ಕೆ ಹೋಗು ಎಂಬವರು ಕೆಲವರು. ಮೊದಲನೆಯದಕ್ಕೆ ಸಾಧುತ್ವವೆಂದೂ ಎರಡನೆಯದಕ್ಕೆ ಪೌರುಷವೆಂದೂ ಹೆಸರು. ಇವೆರಡರಲ್ಲಿ ಯಾವುದೂ ಪೂರ್ತಿಯಾಗಿ ಸರಿಯಲ್ಲವೆಂದು ನಮಗೆ ತೋರುತ್ತದೆ. ಇದನ್ನು ಒಬ್ಬ ಓಟಗಾರರ ಚರಿತ್ರೆಯಿಂದ ವಿಚಾರಿಸೋಣ.

ಸ್ಟೀಪಲ್‌ಚೇಸ್ ಎಂಬುದೊಂದು ಓಟವುಂಟು. ಸ್ಟೀಪಲ್ ಎಂದರೆ ಕ್ರೈಸ್ತ ದೇವಾಲಯದ ಚೂಪಾದ ಗೋಪುರ. 1752ರಲ್ಲಿ ಐರ್ಲೆಂಡ್ ದೇಶದ ಇಬ್ಬರು ಸವಾರರು ಒಂದೂರಿನ ದೇವಾಲಯದಿಂದ ಮತ್ತೊಂದೂರಿನ ಗೋಪುರವನ್ನು ಗುರಿಮಾಡಿ, ನಡುವಣ ಬೇಲಿ ಹಳ್ಳಗಳನ್ನೆಲ್ಲಾ ಹಾರುತ್ತಾ ಕುದುರೆ ಓಡಿಸಿದರೆಂದೂ ಅದರಿಂದ ಈ ಹೆಸರು ಬಂದಿತೆಂದೂ ಹೇಳುತ್ತಾರೆ. ಈಗ ಮನುಷ್ಯರು ಓಡುವ ದೂರವು 3000 ಮೀಟರು. ಅದರಲ್ಲಿ 28 ಅಡ್ಡಗಟ್ಟೆಗಳನ್ನೂ 7 ಸಾರಿ ನೀರಿನ ಹಳ್ಳವನ್ನೂ ದಾಟಬೇಕು. ಬೇರೆ ತಡೆಓಟಗಳಲ್ಲಿ ಕಾಲು ತಗಲಿದರೆ ತಡೆಯೇ ಉರುಳುವದು. ಇಲ್ಲಿಯಾದರೋ ಮರದ ತೊಲೆಯು ಅಲುಗದು, ಓಡುವವನೇ ಉರುಳುವನು. ಆದರೆ ಅದರ ಮೇಲೆ ಕಾಲಿಟ್ಟು ದಾಟುವದಕ್ಕೆ ಅಪ್ಪಣೆಯುಂಟು.

ಅವಿನಾಶ್ ಸಾಬ್ಳೆ ಎಂಬವರು ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಂಡವಾ ಗ್ರಾಮದ ಒಕ್ಕಲು ಮನೆತನದವರು. ಸೈನ್ಯದ ಮಹಾರ್ ರೆಜಿಮೆಂಟನ್ನು ಸೇರಿ ಸಿಯಾಚಿನ್ ಹಿಮದಲ್ಲಿ ಕಾವಲಿದ್ದ ತರುವಾಯವೇ ಅವರು ಓಟವನ್ನು ಕಲಿತದ್ದು. 1981ರಿಂದ ಗೋಪಾಲ್ ಸೈನಿ ಎಂಬವರ ಹೆಸರಿನಲ್ಲಿದ್ದ ದೇಶದ ದಾಖಲೆಯನ್ನು ಅವರು 2018ರಲ್ಲಿ ಭುವನೇಶ್ವರದಲ್ಲಿ ಮುರಿದರು.

2019ರ ಅಕ್ಟೋಬರ್ 1ರಂದು ದೋಹಾ ಪಟ್ಟಣದ ಲೋಕಸ್ಪರ್ಧೆಯಲ್ಲಿ ಅವರು ಓಡುತ್ತಿರಲು, ಬೇರೆಯವರು ಬಿದ್ದದ್ದರಿಂದ ಅವರಿಗೆ ತಡೆಯುಂಟಾಯಿತು. ಬಿದ್ದವರಾದರೂ ಬೇಕೆಂದು ಬಿದ್ದವರಲ್ಲ. ಸಾಬ್ಳೆಯವರು ನಿಂತು ಜಗಳವಾಡದೆ ಮುಂದೆ ಓಡಿದರು. 8 ನಿಮಿಷ 25.23 ಸೆಕೆಂಡುಗಳಲ್ಲಿ ಮುಗಿಸಿ ತಮ್ಮ ಹಿಂದಣ ದಾಖಲೆಯನ್ನೇ ಮೀರಿದರು. ಆದರೂ ಅಂತಿಮ ಓಟಕ್ಕೆ ಅದು ಸಾಲಲಿಲ್ಲ. ಆಗ ಭಾರತದ ಕಡೆಯವರು ದೂರು ಕೊಟ್ಟರು, ಅದು ಅಂಗೀಕಾರವಾಯಿತು. 4ನೇ ತಾರೀಖಿನ ಅಂತಿಮ ಓಟದಲ್ಲಿ ಅವರು 8 ನಿಮಿಷ 21.37 ಸೆಕೆಂಡುಗಳ ಹೊಸ ದಾಖಲೆ ಮಾಡಿ 13ನೆಯವರಾದರು.

ವಾಚಕರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಓಟವು ಮೊದಲು, ದೂರು ಆಮೇಲೆ. ದೂರು ಹೇಳುವದಕ್ಕೋಸ್ಕರ ಅವರು ನಡುದಾರಿಯಲ್ಲಿ ಕೂತಿದ್ದರೆ ನ್ಯಾಯಾಧಿಪತಿಗಳು ಯಾವದನ್ನು ನೋಡಿ ತೀರ್ಪು ಕೊಡುತ್ತಿದ್ದರು? ಇನ್ನೊಂದು, ಅವರಿಗೆ ದೊರೆತದ್ದು ಪದಕವಲ್ಲ, ಓಡುವ ಹಕ್ಕು ಮಾತ್ರ. ಕಳಕೊಂಡಷ್ಟನ್ನು ಕೇಳುವದು ನ್ಯಾಯ. ನೆರೆಯವನು ಕೆಡಬೇಕೆಂದು ಕೇಳುವದು ಹಗೆ. ನಮ್ಮ ಊರುಗಳ ವ್ಯಾಜ್ಯಗಳಲ್ಲಿ ಒಂದು ಮೂಟೆ ರಾಗಿಗೋಸ್ಕರ ಎರಡು ಮನೆಗಳು ಹಾಳಾಗುವದು ಈ ಭೇದವನ್ನು ಮರೆತದ್ದರಿಂದಲೇ. ಆದರೆ ಸುಮ್ಮನಿರುವದೇ ಯಾವಾಗಲೂ ಪುಣ್ಯವೆಂದು ಬಡವನಿಗೆ ಬೋಧಿಸುವವರನ್ನೂ ನಾವು ಒಪ್ಪಲಾರೆವು. ಅಂಥ ಬೋಧನೆಯು ದನದ ಯಜಮಾನನಿಗೇ ಅನುಕೂಲ.

ದೂರಿಗೆ ಎಡೆಯೇ ಇಲ್ಲದ ನಷ್ಟವೂ ಉಂಟು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸಾಬ್ಳೆಯವರಿಗೆ ಚಿನ್ನವು ತಪ್ಪಿ ಬೆಳ್ಳಿ ಬಂದದ್ದು ಒಂದು ಸೆಕೆಂಡಿನ ನೂರರಲ್ಲಿ ಐದು ಪಾಲಿನಿಂದ. ಮುಂದಿನ ವರ್ಷ ಹಾಂಗ್‌ಝೌ ಏಷ್ಯಾ ಕ್ರೀಡೆಗಳಲ್ಲಿ ಚಿನ್ನ ದೊರೆಯಿತು. 2025ರ ಜುಲೈಯಲ್ಲಿ ಮೊನಾಕೋದಲ್ಲಿ ಓಡುವಾಗ ಬಿದ್ದು ಮೊಣಕಾಲಿನ ಕಟ್ಟು ಹರಿದು, ಶಸ್ತ್ರಚಿಕಿತ್ಸೆಯಾಗಿ, ಆ ವರ್ಷದ ಟೋಕಿಯೋ ಲೋಕಸ್ಪರ್ಧೆಗೆ ಅವರು ಹೋಗಲಾಗಲಿಲ್ಲ. ಹರಿದ ಕಟ್ಟನ್ನು ಯಾವ ತೀರ್ಪೂ ಹಿಂದಕ್ಕೆ ಕೊಡದು. ಅದು ಕೂಡುವ ತನಕ ಕಾಯಬೇಕಾಯಿತು.