ದಾಸೋಹದ ಪಂಕ್ತಿಯಲ್ಲಿ ಪರನಾಡಿನ ಹಾಡು

ಹಸಿದು ಬಂದವನಿಗೆ ಅನ್ನವಿಕ್ಕುವುದು ಧರ್ಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾಡನ್ನೂ ಮನೆಯನ್ನೂ ನೀಗಿಕೊಂಡು ಬಂದ ನಿರಾಶ್ರಿತನ ವಿಷಯದಲ್ಲಿ ಅನ್ನವಿಕ್ಕಿದ ಮಾತ್ರಕ್ಕೆ ಕರ್ತವ್ಯವು ತೀರಿತೇ ಎಂಬುದು ವಿಚಾರಿಸತಕ್ಕ ಪ್ರಶ್ನೆ. ಕೊಡುವ ಕೈ ಸದಾ ಮೇಲೆಯೂ ಪಡೆಯುವ ಕೈ ಸದಾ ಕೆಳಗೂ ಇರುವಲ್ಲಿ ನಡೆಯುವುದು ದಾನವೇ ಹೊರತು ದಾಸೋಹವಲ್ಲ. ದಾನದಲ್ಲಿ ‘ಕೊಟ್ಟೆನು’ ಎಂಬ ಅಹಂಕಾರಕ್ಕೆ ಎಡೆಯುಂಟು. ದಾಸೋಹದಲ್ಲಿ ನೀಡುವವನೇ ದಾಸನು.

ಶರಣರ ಚರಿತ್ರೆಯನ್ನು ನೋಡಬೇಕು. ಮೋಳಿಗೆಯ ಮಾರಯ್ಯನು ಕಾಶ್ಮೀರದಿಂದಲೂ ಆದಯ್ಯನು ಸೌರಾಷ್ಟ್ರದಿಂದಲೂ ಕನ್ನಡ ನಾಡಿಗೆ ಬಂದವರೆಂದು ಪರಂಪರೆಯು ಹೇಳುತ್ತದೆ. ಆದಯ್ಯನ ವಚನಗಳ ಅಂಕಿತ ‘ಸೌರಾಷ್ಟ್ರ ಸೋಮೇಶ್ವರ’. ಹುಟ್ಟಿದ ನಾಡಿನ ಹೆಸರನ್ನು ಮರೆತು ಬಾ ಎಂದು ಅವನಿಗೆ ಯಾರೂ ವಿಧಿಸಲಿಲ್ಲ. ಆ ಹೆಸರೇ ಕನ್ನಡ ವಚನಕ್ಕೆ ಮುದ್ರೆಯಾಯಿತು. ಇವರಾದರೋ ತಾವಾಗಿ ಬಂದವರು. ಕಲ್ಯಾಣದ ವಿಪ್ಲವದ ತರುವಾಯ ಶರಣರೇ ನಿರಾಶ್ರಿತರಾಗಿ ಉಳವಿಯ ಅಡವಿಯತ್ತ ನಡೆದರು. ಆಗ ಅವರು ಕಾಪಾಡಿಕೊಂಡದ್ದು ಭಂಡಾರವನ್ನಲ್ಲ, ವಚನಗಳನ್ನು. ನೆಲೆ ತಪ್ಪಿದವನಿಗೆ ನುಡಿಯೂ ಹಾಡೂ ಏನೆಂಬುದನ್ನು ಶರಣ ಸಂತತಿಗೆ ಬೇರೆಯವರು ತಿಳಿಸಬೇಕಾಗಿಲ್ಲ.

ಈ ಪ್ರಶ್ನೆ ನಮ್ಮ ಕಾಲದಲ್ಲಿಯೂ ನಾಡಿನ ಬಾಗಿಲಿಗೆ ಬಂದಿತು. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ಮೇಲೆ, ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಟಿಬೆಟನ್ನರಿಗೆ ನೆಲವನ್ನಿತ್ತಿತು. 1966ರಲ್ಲಿ ಮುಂಡಗೋಡಿನಲ್ಲಿಯೂ ವಸತಿಯಾಯಿತು. ಕಾಡು ಕಡಿದು ಮುಸುಕಿನ ಜೋಳ ಬೆಳೆದು, ರತ್ನಗಂಬಳಿ ನೆಯ್ದು ಅವರು ಕಾಯಕದಿಂದ ಬಾಳಿದರು. ‘ಹೊಟ್ಟೆಗೆ ಮೊದಲು, ಹಾಡಿಗೆ ಆಮೇಲೆ’ ಎನ್ನುವವರುಂಟು. ಆದರೆ ಆ ಜನರು ನೆಲೆ ತಪ್ಪಿದ 1959ರಲ್ಲಿಯೇ ತಮ್ಮ ಗೀತ, ನೃತ್ಯ, ನಾಟಕಗಳನ್ನು ಉಳಿಸಲು ಸಂಸ್ಥೆಯನ್ನು ಕಟ್ಟಿಕೊಂಡರು. ಹೊಸ ವರ್ಷದ ಲೋಸರ್ ಹಬ್ಬದ ಸಮಯದಲ್ಲಿ ಬೈಲುಕುಪ್ಪೆಯ ವಿಹಾರದಲ್ಲಿ ಮುಖವಾಡದ ನೃತ್ಯವು ಇಂದಿಗೂ ನಡೆಯುತ್ತದೆ.

ಅದನ್ನು ನೋಡಲು ಹೋಗುವವರು ಅನೇಕರು. ಹೋಗಿ ನೋಡಿ ಬಂದುದು ಕೌತುಕ. ಅಷ್ಟರಿಂದ ಅವರು ನಮ್ಮವರಾಗಲಿಲ್ಲ. ಅವರ ನಗಾರಿಯ ಬಳಿ ನಮ್ಮ ಮಕ್ಕಳು ಶಿಷ್ಯರಾಗಿ ಕುಳಿತು, ನಮ್ಮ ವೀರಗಾಸೆಯ ಮೇಳದಲ್ಲಿ ಅವರ ಮಕ್ಕಳು ಹೆಜ್ಜೆಯಿಟ್ಟಾಗ ಮಾತ್ರ ಕೊಡುವವನೂ ಪಡೆಯುವವನೂ ಒಂದೇ ಪಂಕ್ತಿಗೆ ಬರುವರು. ಕಲೆಯಲ್ಲಿ ನಿರಾಶ್ರಿತನು ದಾತೃ. ನೆಲದ ಒಡೆಯನು ಕೈಯೊಡ್ಡುವವನು.

ವಿಜಯಪುರದವರಿಗೆ ಇದು ದೂರದ ಮಾತಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆದಂದಿನಿಂದ ದೂರದ ನಾಡುಗಳ ಕೂಲಿಕಾರರು ಈ ಸೀಮೆಯಲ್ಲಿ ಹೆಚ್ಚಿದ್ದಾರೆ. ಅವರು ನಿರಾಶ್ರಿತರಲ್ಲದಿದ್ದರೂ ಭಾಷೆಯಿಲ್ಲದ ಊರಿನಲ್ಲಿ ಪರಕೀಯರೇ. ಸೋಮವಾರದ ಭಜನೆಯಲ್ಲಿ ಅವರಲ್ಲೊಬ್ಬನನ್ನು ಕರೆದು, ಅವನ ನುಡಿಯಲ್ಲಿಯೇ ಒಂದು ಶಿವಪದವನ್ನು ಹಾಡಿಸಿ, ತಾಳ ಹಿಡಿದು ಕೇಳುವುದು ಕಷ್ಟವೇನಲ್ಲ. ಕಷ್ಟವಾದುದು ಒಂದೇ: ಊರಿನವನೆಂಬ ಹಮ್ಮನ್ನು ಇಳಿಸಿ ಕೇಳುಗನಾಗಿ ಕೂಡುವುದು. ಅದನ್ನು ಇಳಿಸಿದವನ ಮನೆಯ ತುತ್ತೇ ಪ್ರಸಾದ. ಇಳಿಸದವನು ಇಕ್ಕಿದ್ದು ಬರಿಯ ಭಿಕ್ಷೆ.