ಲೆಕ್ಕ ಕಲಿಸುವುದೂ ದಾಸೋಹವೇ



ವಿಶ್ವಗುರು ಬಸವಣ್ಣನವರು ಕಲ್ಯಾಣದ ಭಂಡಾರಿಗಳಾಗುವ ಮೊದಲು, ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕರಾಗಿದ್ದರೆಂದು ಪುರಾಣಗಳು ಹೇಳುತ್ತವೆ. ನಮ್ಮ ಧರ್ಮಗುರುಗಳು ಲೆಕ್ಕ ಬರೆದು ಕಾಯಕ ಮಾಡಿದವರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮತಾಯಿ ಅದನ್ನು ಮರಳಿ ಸುರಿದು ಬರಲು ಹೇಳಿದರು. ಅಳತೆ ಬಲ್ಲವರಿಗೆ ಮಾತ್ರ ಹೆಚ್ಚು ಯಾವುದು, ಸಾಕು ಯಾವುದು ಎಂಬುದು ತಿಳಿಯುತ್ತದೆ. ಇಂಥ ಪರಂಪರೆಯ ನಮ್ಮ ಮಕ್ಕಳು ಗಣಿತವೆಂದರೆ ಏಕೆ ಅಂಜಬೇಕು?

ಅಂಜಿಕೆಗೆ ಕಾರಣವುಂಟು. ಯೆಣೆಗೂರ, ಉಮರಗಾ, ನಿಲಂಗಾ, ಉದಗೀರ ಭಾಗದಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಮರಾಠಿ ಓದುತ್ತಾರೆ, ಹನ್ನೊಂದನೆಯ ಇಯತ್ತೆಯಲ್ಲಿ ವಿಜ್ಞಾನ ತೆಗೆದುಕೊಂಡರೆ ಇಂಗ್ಲಿಷನ್ನು ಎದುರಿಸುತ್ತಾರೆ. ಮನೆಯ ‘ಬಡ್ಡಿ’ ಶಾಲೆಯಲ್ಲಿ ‘ವ್ಯಾಜ’, ಕಾಲೇಜಿನಲ್ಲಿ ‘ಇಂಟರೆಸ್ಟ್’. ತಂದೆಯ ಜೊತೆ ಅಡತಿಗೆ ಹೋಗಿ, ಸೋಯಾಬೀನಿನ ತೇವಾಂಶ ನೋಡಿ ನೂರಕ್ಕೆ ಎಷ್ಟು ಕಡಿತವೆಂದು ಬಾಯಿಲೆಕ್ಕದಲ್ಲೇ ಹೇಳುವ ಹುಡುಗ, ಅದೇ ಲೆಕ್ಕವನ್ನು ಪುಸ್ತಕದಲ್ಲಿ ಕಂಡರೆ ತಲೆ ತಗ್ಗಿಸುತ್ತಾನೆ. ಅವನಿಗೆ ಬುದ್ಧಿಯ ಕೊರತೆಯಿಲ್ಲ, ಭಾಷೆ ಅಡ್ಡ ಬಂದಿದೆ.

ಇದು ಬರೀ ನಮ್ಮ ಊಹೆಯಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಆಶ್ರಯದಲ್ಲಿ 1974ರಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಆರಂಭವಾಯಿತು. ಭೌತವಿಜ್ಞಾನಿ ವಿ. ಜಿ. ಕುಲಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿಯವರು ಆ ದಶಕದಲ್ಲೇ ಜಳಗಾಂವ ಜಿಲ್ಲೆಯ ಖಿರೋದಾ ಸುತ್ತಲಿನ ಹಳ್ಳಿಶಾಲೆಗಳಿಗೆ ಹೋದರು. 1980ರ ದಶಕದಲ್ಲಿ ಮುಂಬಯಿ ನಗರಪಾಲಿಕೆ ಶಾಲೆಗಳ ಪರಿಶಿಷ್ಟ ಜಾತಿಯ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಟ್ಟರು. ಪಾಠದ ಭಾಷೆ ತಿಳಿಯಾದರೆ ವಿಷಯವೂ ತಿಳಿಯುತ್ತದೆಂದು ಅವರ ಕೆಲಸ ತೋರಿಸಿತು. ಹಿಂದುಳಿದವರೆನಿಸಿದ ಮಕ್ಕಳು ಎಸ್.ಎಸ್.ಸಿ.ಯಲ್ಲಿ ಮುಂದೆ ಬಂದರು.

ಇಂದು ವಿಶ್ವವಿದ್ಯಾಲಯಗಳು ನಮಗೆ ದೂರವಿಲ್ಲ. ಕಲಬುರಗಿಯಲ್ಲಿ 1980ರಿಂದ, ನಾಂದೇಡದಲ್ಲಿ 1994ರಿಂದ ಅವು ನಡೆದಿವೆ; ಆಳಂದ ತಾಲೂಕಿನ ಕಡಗಂಚಿಯಲ್ಲೂ ಒಂದಿದೆ. ಧಾರಾಶಿವದಲ್ಲಿ ಮರಾಠವಾಡಾ ವಿಶ್ವವಿದ್ಯಾಲಯದ ಉಪಕೇಂದ್ರವೂ ಇದೆ. ಅಲ್ಲಿ ಓದುವವರಲ್ಲಿ ನಮ್ಮೂರುಗಳ ಮಕ್ಕಳೂ ಇದ್ದಾರೆ. ಮೂರೂ ಭಾಷೆ ಬಲ್ಲ ಅವರು ತಿಂಗಳಿಗೆ ಎರಡು ಭಾನುವಾರ ಮಠದ ಅಂಗಳದಲ್ಲಿ ಕುಳಿತು ತಮ್ಮ ತಮ್ಮ-ತಂಗಿಯರಿಗೆ ಕಲಿಸಿದರೆ, ವಿಶ್ವವಿದ್ಯಾಲಯವೇ ಹಳ್ಳಿಗೆ ಬಂದಂತೆ. ಅವರನ್ನು ಕಳಿಸಿಕೊಡಿರೆಂದು ಅಲ್ಲಿಯ ಗುರುಗಳನ್ನು ಕೇಳುವ ಹೊಣೆ ಮಠದ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅಂಥ ಅಡ್ಡಿ ಯಾವುದೂ ಇಂದು ನಮಗಿಲ್ಲ.

ರೈತ ಬಂಧುಗಳೇ, ಆ ಎರಡು ಭಾನುವಾರ, ರಾಶಿಯ ದಿನಗಳಿದ್ದರೂ, ಮಕ್ಕಳನ್ನು ಹೊಲಕ್ಕೆ ಕರೆಯಬೇಡಿರಿ. ಒಂದು ಆಳಿನ ಕೂಲಿ ಮೈಮೇಲೆ ಬರುತ್ತದೆಂಬುದನ್ನು ನಾವು ಬಲ್ಲೆವು. ಆದರೆ ಎಂಟನೆಯ ಇಯತ್ತೆಯಲ್ಲಿ ನಡೆಯುವ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಬಡಮನೆಯ ಮಗು ಆಯ್ಕೆಯಾದರೆ, ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ದೊರೆಯುತ್ತದೆ. ಆ ಪರೀಕ್ಷೆಯಲ್ಲಿ ಗಣಿತ, ವಿಜ್ಞಾನ ಎರಡೂ ಇವೆ. ಅಂಗಡಿಕಾರ ಬಂಧುಗಳು ವಹಿ-ಪೆನ್ನಿನ ಸೇವೆ ಹೊರಲಿ. ಪ್ರಸಾದದ ವ್ಯವಸ್ಥೆ ಮಠದ್ದು.

ಇನ್ನೊಂದು ಮಾತು. ಈ ಪಾಠಕ್ಕೆ ಬರುವ ಮಗು ಯಾವ ಕೇರಿಯದೆಂದು ಯಾರೂ ಕೇಳಕೂಡದು. ಅನುಭವ ಮಂಟಪದಲ್ಲಿ ಸಮಗಾರ ಹರಳಯ್ಯನವರೂ ಅಂಬಿಗರ ಚೌಡಯ್ಯನವರೂ ಸರಿಸಮನಾಗಿ ಕುಳಿತರು. ಹೆಣ್ಣುಮಗಳು ಹತ್ತನೆಯ ಇಯತ್ತೆಯಲ್ಲಿ ಗಣಿತದಲ್ಲಿ ನಪಾಸಾದರೆ ಮರುಪರೀಕ್ಷೆಗೆ ಕಟ್ಟುವ ಬದಲು ಮದುವೆಗೆ ವರ ಹುಡುಕುವ ಮನೆಗಳು ನಮ್ಮಲ್ಲಿವೆ. ಒಂದು ವಿಷಯದ ಸೋಲಿಗೆ ಅವಳ ಬಾಳನ್ನೆಲ್ಲ ದಂಡ ಹಾಕುವುದು ಯಾವ ಲೆಕ್ಕ? ಮೊದಲು ಅವಳನ್ನು ಪಾಠಕ್ಕೆ ಕಳಿಸಿರಿ.

ಹಸಿದವನಿಗೆ ಅನ್ನ ನೀಡುವುದು ಒಂದು ದಿನದ ದಾಸೋಹ. ಕಲಿತ ಮಗು ತಾನೂ ಉಂಡು ಹತ್ತು ಜನಕ್ಕೆ ಉಣಿಸುತ್ತದೆ. ಮಕ್ಕಳ ಹೆಸರನ್ನು ಮಠದ ಕಚೇರಿಯಲ್ಲಿ ಬರೆಯಿಸಿರಿ.



ಕಾರ್ಯದರ್ಶಿ